ಮುಟ್ಟು ಎಂಬ ಮಾತು: ಪುಣೆಯ ವಾಡೆಗಳು ಮತ್ತು ಮಕ್ಕಳ ಕೈ

ಶಿಲ್ಪವನ್ನು ಕಡೆಯುವವನು ನೋಡುವವರ ಕಣ್ಣನ್ನು ನೆನೆದು ಕಡೆಯುತ್ತಾನೆ. ಅಡಕೊತ್ತನ್ನು ಮಾಡುವವನು ಹಿಡಿಯುವವರ ಕೈಯನ್ನು ನೆನೆದು ಮಾಡುತ್ತಾನೆ. ಚಿತ್ರಪಟಕ್ಕೆ ಒಂದು ಗೋಡೆ ಸಾಕು. ಒನಕೆಗೆ ಎರಡು ಅಂಗೈಗಳು ಬೇಕು. ಈ ಭೇದ ಸರಳವಾದದ್ದೇ. ಆದರೂ ನಮ್ಮ ವಸ್ತುಸಂಗ್ರಹಾಲಯಗಳು ಇದನ್ನು ಬಹುಮಟ್ಟಿಗೆ ಮರೆತಿವೆ. ಗುಡಿಯಿಂದ, ಅರಮನೆಯಿಂದ ಬಂದ ಕಲಾಕೃತಿಗಳಿಗೆ ಒಪ್ಪುವ ನಿಯಮವನ್ನೇ ಅಡುಗೆಮನೆಯಿಂದ, ಹಿತ್ತಲಿನಿಂದ ಬಂದ ಪರಿಕರಗಳಿಗೂ ಅವು ವಿಧಿಸಿವೆ. ಚಾರಿತ್ರಿಕ ಮನೆಯೊಂದು ಸ್ಮಾರಕವಾಯಿತೆಂದರೆ ಅದರೊಳಗಿನ ಚಮಚ, ಚೊಂಬು, ದೀಪ, ಮಣೆಗಳೆಲ್ಲ ಒಮ್ಮೆಲೇ ಗಾಜಿನ ಹಿಂದೆ ಸರಿಯುತ್ತವೆ. ಮನೆಯನ್ನು ಮನೆಯನ್ನಾಗಿ ಮಾಡಿದ್ದ ಬಳಕೆಯೇ ಆ ಮನೆಯಿಂದ ಮೊದಲು ಹೊರಬೀಳುತ್ತದೆ.

ಇಂಥ ಮನೆಗಳಿಗೆ ಬರುವ ಮಕ್ಕಳ ಕೈಗೆ ವಸ್ತುವನ್ನು ಕೊಡಬೇಕು. ವಸ್ತುವಿನ ಜೊತೆಗೆ ಅದರ ಹೆಸರನ್ನು ಕೊಡಬೇಕು. ಹೆಸರಿನ ಜೊತೆಗೆ ಅದನ್ನು ಯಾರು ಮುಟ್ಟುತ್ತಿದ್ದರು, ಯಾರಿಗೆ ಮುಟ್ಟಗೊಡುತ್ತಿರಲಿಲ್ಲ ಎಂಬ ಚರಿತ್ರೆಯನ್ನೂ ಕೊಡಬೇಕು. ಈ ಮೂರರಲ್ಲಿ ಒಂದನ್ನು ಬಿಟ್ಟರೂ ಉಳಿದೆರಡು ಸೊರಗುತ್ತವೆ ಎಂಬುದೇ ಪ್ರಸ್ತುತ ಲೇಖನದ ವಾದ. ಕನ್ನಡ ವಿಭಾಗದ ಸಂಸ್ಮರಣ ಗ್ರಂಥದಲ್ಲಿ ವಸ್ತುಸಂಗ್ರಹಾಲಯದ ಚರ್ಚೆ ಏಕೆಂದು ಕೆಲವರಿಗೆ ಅನಿಸಬಹುದು. ವಸ್ತು ಮರೆಯಾದಲ್ಲಿ ಪದವೂ ಮರೆಯಾಗುತ್ತದೆ, ಪದ ಮರೆಯಾದಲ್ಲಿ ಕಾವ್ಯದ ಒಂದು ಕೋಣೆಗೆ ಬೀಗ ಬೀಳುತ್ತದೆ ಎಂಬುದು ಭಾಷೆಯ ವಿದ್ಯಾರ್ಥಿಗಳಾದ ನಮಗೆ ತಿಳಿಯದ ಸಂಗತಿಯೇನಲ್ಲ.

ಕನ್ನಡದ 'ಮುಟ್ಟು' ಎಂಬ ಮಾತನ್ನೇ ನೋಡೋಣ. ಕ್ರಿಯಾಪದವಾಗಿ ಅದಕ್ಕೆ ಸ್ಪರ್ಶಿಸು, ತಲುಪು ಎಂಬ ಅರ್ಥಗಳಿವೆ. ನಾಮಪದವಾದಾಗ ಅದು ಉಪಕರಣ, ಸಲಕರಣೆ. ಕಸುಬುದಾರನ ಮುಟ್ಟು ಎಂದರೆ ಅವನ ಕೈಯ ಸಾಧನ. ಅದೇ ಮಾತು ಹೆಣ್ಣಿನ ಋತುಸ್ರಾವಕ್ಕೂ, ಆಕೆಯನ್ನು ದೂರ ಕೂರಿಸುತ್ತಿದ್ದ ಆಚರಣೆಗೂ ಹೆಸರಾಗಿದೆ. ಸ್ಪರ್ಶ, ಸಾಧನ, ನಿಷೇಧ ಈ ಮೂರನ್ನೂ ಒಂದೇ ಮಾತು ಹೊತ್ತು ನಿಂತಿದೆ. ಹಳೆಯ ಮನೆಯ ಬದುಕನ್ನು ಇಷ್ಟು ಅಡಕವಾಗಿ ಹೇಳುವ ಬೇರೊಂದು ಪದವನ್ನು ಹುಡುಕುವುದು ಕಷ್ಟ. ಮಕ್ಕಳಿಗೆ ಮನೆಯನ್ನು ತೋರಿಸುವವರು ಈ ಮೂರೂ ಅರ್ಥಗಳನ್ನು ಬಲ್ಲವರಾಗಿರಬೇಕು.

ಈ ಮಾತನ್ನು ಪರೀಕ್ಷಿಸಲು ಪುಣೆಗಿಂತ ಒಳ್ಳೆಯ ನಗರ ಸಿಗಲಾರದು. 'ವಾಡೆ' ಎಂಬ ಶಬ್ದ ಉತ್ತರ ಕರ್ನಾಟಕದವರಿಗೆ ಹೊಸತಲ್ಲ. ದೇಸಾಯರ ವಾಡೆಗಳನ್ನು ಕಂಡವರು ಪುಣೆಯ ವಾಡೆಯ ತಲಬಾಗಿಲು, ಚೌಕ, ಪಡಸಾಲೆ, ನಡುಮನೆಗಳಲ್ಲಿ ದಾರಿ ತಪ್ಪುವುದಿಲ್ಲ. ಆಲೂರು ವೆಂಕಟರಾಯರೂ ದ. ರಾ. ಬೇಂದ್ರೆಯವರೂ ಕಾಲೇಜು ವಿದ್ಯಾಭ್ಯಾಸ ಮಾಡಿದ್ದು ಈ ನಗರದ ಫರ್ಗ್ಯುಸನ್ ಕಾಲೇಜಿನಲ್ಲಿ, ವಿ. ಕೃ. ಗೋಕಾಕರು ಅಧ್ಯಾಪನ ಮಾಡಿದ್ದೂ ಅಲ್ಲಿಯೇ. ಗದುಗಿನಿಂದ ಹೊರಟ ಭೀಮಸೇನ ಜೋಶಿಯವರು ನೆಲೆನಿಂತದ್ದು ಇಲ್ಲಿ. ಇಂದಿಗೂ ಪುಣೆಯಲ್ಲಿ ಕನ್ನಡ ಮನೆಮಾತಿನ ಕುಟುಂಬಗಳಿಗೆ ಕೊರತೆಯಿಲ್ಲ. ಹೀಗಾಗಿ ಪುಣೆಯ ಮನೆಗಳ ಪ್ರಶ್ನೆ ನಮಗೆ ಪರಕೀಯವಲ್ಲ.

ಆ ಮನೆಗಳಲ್ಲಿ ಉಳಿದದ್ದೆಷ್ಟು, ಅಳಿದದ್ದೆಷ್ಟು? 1732ರಲ್ಲಿ ಗೃಹಪ್ರವೇಶ ಕಂಡ ಶನಿವಾರವಾಡೆ 1828ರ ಬೆಂಕಿಯಲ್ಲಿ ಸುಟ್ಟು, ಇಂದು ಅದರ ಕೋಟೆಗೋಡೆ, ಮಹಾದ್ವಾರ, ತಳಪಾಯಗಳು ಮಾತ್ರ ನಿಂತಿವೆ. ಪೇಶ್ವೆಯರ ದರ್ಬಾರಿನ ಕಥೆಯನ್ನು ಅಲ್ಲಿ ಹೇಳಬಹುದು. ಅಲ್ಲಿಯ ಅಡುಗೆಮನೆಯನ್ನು ತೋರಿಸಲಾಗದು. ಎರಡನೆಯ ಬಾಜೀರಾಯನ ವಿಶ್ರಾಮಬಾಗ್ ವಾಡೆ, 1807ರದು, ತನ್ನ ಮರದ ಕೆತ್ತನೆಯ ಮುಖದೊಂದಿಗೆ ಇನ್ನೂ ನಿಂತಿದೆ. 1848ರಲ್ಲಿ ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆಯವರು ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದ ಭಿಡೇ ವಾಡೆಯನ್ನು ವರ್ಷಗಟ್ಟಲೆ ನಡೆದ ವ್ಯಾಜ್ಯದ ಬಳಿಕ 2023ರ ಡಿಸೆಂಬರಿನಲ್ಲಿ ಸ್ಮಾರಕ ಕಟ್ಟುವ ಸಲುವಾಗಿ ನೆಲಸಮ ಮಾಡಲಾಯಿತು. ಹೆಸರಿಲ್ಲದ ವಾಡೆಗಳು ಒಂದೊಂದಾಗಿ ಉರುಳಿ ಅಪಾರ್ಟ್‌ಮೆಂಟುಗಳಾದದ್ದಕ್ಕೆ ಲೆಕ್ಕವಿಟ್ಟವರಿಲ್ಲ. ಹೀಗಿರುವಾಗ ಉಳಿದ ಕೆಲವು ಮನೆಗಳನ್ನು ಮುಂದಿನ ತಲೆಮಾರಿಗೆ ಹೇಗೆ ದಾಟಿಸುತ್ತೇವೆ ಎಂಬುದು ಅಲಂಕಾರದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಬಾಜೀರಾವ್ ರಸ್ತೆಯ ನಾತೂಬಾಗಿನಲ್ಲಿರುವ ರಾಜಾ ದಿನಕರ ಕೇಳಕರ ವಸ್ತುಸಂಗ್ರಹಾಲಯವನ್ನು ಈ ದೃಷ್ಟಿಯಿಂದ ಗಮನಿಸಬೇಕು. ದಿನಕರ ಗಂಗಾಧರ ಕೇಳಕರರು 1896ರಲ್ಲಿ ಹುಟ್ಟಿ 1990ರವರೆಗೆ ಬಾಳಿದವರು. 'ಅಜ್ಞಾತವಾಸಿ' ಎಂಬ ಹೆಸರಿನಲ್ಲಿ ಮರಾಠಿಯಲ್ಲಿ ಕವಿತೆ ಬರೆದವರು. 1920ರ ಸುಮಾರಿನಿಂದ ಊರೂರು ತಿರುಗಿ ಅವರು ಕಲೆಹಾಕಿದ್ದು ರಾಜಮುಕುಟಗಳನ್ನಲ್ಲ. ದೀಪ, ಬಾಚಣಿಗೆ, ಕರಡಿಗೆ, ಮಸಿಕುಡಿಕೆ, ಬಾಗಿಲ ಚೌಕಟ್ಟು, ವಾದ್ಯ, ಅಡುಗೆಯ ಪಾತ್ರೆಗಳನ್ನು. ಅವರ ಮನೆಯಲ್ಲೇ ಮೊಳೆತ ಈ ಸಂಗ್ರಹ ಮುಂದೆ ಮಹಾರಾಷ್ಟ್ರ ಸರ್ಕಾರಕ್ಕೆ ಒಪ್ಪಿತವಾಯಿತು. ಇಂದು ಅಲ್ಲಿ ಸುಮಾರು 20,000 ವಸ್ತುಗಳಿದ್ದು, ಅವುಗಳಲ್ಲಿ ಸುಮಾರು 2,500 ಮಾತ್ರ ಪ್ರದರ್ಶನದಲ್ಲಿವೆ. ಸಂಗ್ರಹಾಲಯದ ಹೆಸರಿನ ಮೊದಲಲ್ಲಿರುವ 'ರಾಜಾ' ಎಂಬುದು ಅರಸನನ್ನು ಸೂಚಿಸುವ ಬಿರುದಲ್ಲ. ಎಳೆವೆಯಲ್ಲೇ ತೀರಿಕೊಂಡ ಕೇಳಕರರ ಮಗನ ಹೆಸರು ಅದು. ತಂದೆಯ ದುಃಖದಿಂದ ಬಂದ ಈ ಹೆಸರು ಸಂಗ್ರಹಾಲಯವನ್ನು ಮೊದಲಿಗೆ ಮಕ್ಕಳದಾಗಿಸುತ್ತದೆ ಎಂದು ನಾನು ಭಾವಿಸುತ್ತೇನೆ. ಒಂದು ಮಗುವಿನ ಹೆಸರನ್ನು ಹೊತ್ತ ಮನೆಯಲ್ಲಿ ಮಕ್ಕಳ ಕೈಗೆ ಕೆಲಸವಿರಬೇಡವೇ?

ಅಲ್ಲಿಯ ಅಡಕೊತ್ತುಗಳ ಸಂಗ್ರಹ ಪ್ರಸಿದ್ಧವಾದುದು. ಮರಾಠಿಯಲ್ಲಿ ಅದಕ್ಕೆ 'ಅಡಕಿತ್ತಾ' ಎನ್ನುತ್ತಾರೆ. ಅಡಕೆ, ಒತ್ತು ಎಂಬ ಎರಡು ಕನ್ನಡ ಪದಗಳು ಕೂಡಿ ಆದ 'ಅಡಕೊತ್ತು' ಎಂಬ ರೂಪದೊಂದಿಗೆ ಈ ಮರಾಠಿ ಪದಕ್ಕಿರುವ ನಂಟನ್ನು ಭಾಷಾವಿದರು ಗುರುತಿಸಿದ್ದಾರೆ. ಅಡಕೆ ಬೆಳೆಯುವ ನಾಡಿನಿಂದ ಅಡಕೆಯೊಡನೆ ಅದನ್ನು ಒತ್ತುವ ಸಾಧನದ ಹೆಸರೂ ಪಯಣಿಸಿತೆಂದರೆ ಆಶ್ಚರ್ಯವೇನು? ಗಾಜಿನಾಚೆಗೆ ನಿಂತ ಮಗುವಿಗೆ ಇದು ನವಿಲಿನಂತೆ, ಕುದುರೆಯಂತೆ ಎರಕಗೊಂಡ ಚಂದದ ಲೋಹದ ತುಂಡು. ಅದೇ ಮಗುವಿನ ಕೈಗೆ ಸಾಮಾನ್ಯವಾದೊಂದು ಅಡಕೊತ್ತನ್ನೂ ಒಂದು ಗೋಟಡಕೆಯನ್ನೂ ಕೊಟ್ಟು ನೋಡಿ. ಅಡಕೆಯನ್ನು ಬಾಯಲಗಿನ ನಡುವೆ ಎಲ್ಲಿಡಬೇಕು, ಹಿಡಿಯನ್ನು ಎಷ್ಟು ಒತ್ತಬೇಕು, ಹೋಳು ಸಿಡಿಯದಂತೆ ಬೆರಳನ್ನು ಹೇಗೆ ತಡೆಹಿಡಿಯಬೇಕು ಎಂಬುದನ್ನು ಅದು ಹಿರಿಯರ ಕಣ್ಗಾವಲಿನಲ್ಲಿ ತಾನೇ ಕಂಡುಕೊಳ್ಳುತ್ತದೆ. 'ಒತ್ತು' ಎಂಬ ಧಾತುವಿನ ಅರ್ಥ ಆಗ ಅದರ ಅಂಗೈಗೆ ತಿಳಿಯುತ್ತದೆ. ವ್ಯುತ್ಪತ್ತಿಶಾಸ್ತ್ರದ ಮೊದಲ ಪಾಠ ಇದಕ್ಕಿಂತ ಚೆನ್ನಾಗಿ ಆಗಲಾರದು.

ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟು ನಮ್ಮ ಭಾಷೆಯ ಹೆಮ್ಮೆ. ಆದರೆ ಎಂಥ ನಿಘಂಟೂ ವಸ್ತುವಿನ ತೂಕವನ್ನು ಹೇಳಲಾರದು. ಈಳಿಗೆಮಣೆ ಎಂದರೆ ತರಕಾರಿ ಹೆಚ್ಚುವ ಸಾಧನವೆಂದು ಬರೆಯಬಹುದು. ಒಂದು ಮೊಣಕಾಲನ್ನು ಮಡಚಿ ಮಣೆಯ ಮೇಲೆ ಕೂರುವ ಆ ಭಂಗಿ, ಚಾಕುವಿನ ಕೆಲಸಕ್ಕೆ ತಿರುಗುಮುರುಗಾಗಿ ಅಲಗು ನಿಶ್ಚಲವಾಗಿದ್ದು ಕಾಯಿ ಚಲಿಸುವ ಆ ಕ್ರಮ, ಇವು ಅರ್ಥವಿವರಣೆಯಲ್ಲಿ ಬರುವುದಿಲ್ಲ. ಇಂದಿನ ಎಂ.ಎ. ತರಗತಿಗಳಲ್ಲಿ ಜನಪದ ಸಾಹಿತ್ಯವನ್ನು ಪಾಠ ಮಾಡುವ ಅಧ್ಯಾಪಕರಿಗೆ ಇದರ ಅನುಭವ ಚೆನ್ನಾಗಿಯೇ ಇದೆ. ಮೊರ, ಕೇರು, ಕೊಳಗ, ಸಿಬ್ಬಲು, ಗುದ್ದಲಿಕಾವು, ಮಂತು ಎಂಬ ಒಂದೊಂದು ಪದಕ್ಕೂ ಅಡಿಟಿಪ್ಪಣಿ ಬರೆದು ಮುಗಿಸುವ ಹೊತ್ತಿಗೆ ಹಾಡು ತಣ್ಣಗಾಗಿರುತ್ತದೆ. ಮಂತನ್ನು ಒಮ್ಮೆ ಕೈಯಲ್ಲಿ ಹಿಡಿದು ಕಡೆದವನಿಗೆ ಆ ಟಿಪ್ಪಣಿ ಬೇಕಾಗುವುದಿಲ್ಲ. ಪುಣೆಯಂಥ ಹೊರನಾಡಿನಲ್ಲಿ ಬೆಳೆಯುವ ಕನ್ನಡದ ಮಕ್ಕಳಿಗಂತೂ ಮನೆಯ ಪದಗಳು ಮನೆಯಲ್ಲೇ ಸಿಗುವ ಕಾಲ ಮುಗಿಯುತ್ತಿದೆ. ಹಳೆಯ ವಸ್ತುವಿನ ಮುಂದೆ ನಿಂತಾಗ ಮರಾಠಿಯ ಹೆಸರಿನ ಪಕ್ಕದಲ್ಲೇ ಅಜ್ಜಿಯ ಬಾಯಿಯ ಕನ್ನಡ ಹೆಸರೂ ಕೇಳಿಸಿದರೆ, ಎರಡು ಭಾಷೆಗಳ ನೆರೆಹೊರೆ ಎಷ್ಟು ಹಳೆಯದೆಂಬುದೂ ಆ ಮಕ್ಕಳಿಗೆ ಹೊಳೆಯುತ್ತದೆ.

ಈ ನೆರೆಹೊರೆಯ ಅತ್ಯಂತ ಗಟ್ಟಿಯಾದ ಸಾಕ್ಷ್ಯವೆಂದರೆ ಬೀಸುವ ಕಲ್ಲು. ಮರಾಠಿಗರು ಅದನ್ನು 'ಜಾತೆ' ಎನ್ನುತ್ತಾರೆ. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತದ 'ಮಾನಸೋಲ್ಲಾಸ'ದಲ್ಲಿ ಮಹಾರಾಷ್ಟ್ರದ ಹೆಂಗಸರು ಧಾನ್ಯ ಕುಟ್ಟುವಾಗ ಓವಿಯನ್ನು ಹಾಡುತ್ತಾರೆಂಬ ಉಲ್ಲೇಖವಿದೆ. ಕನ್ನಡ ನಾಡಿನ ಸಿಂಹಾಸನದ ಮೇಲೆ ಕುಳಿತವನ ಕಿವಿ ಒನಕೆಯ ಸದ್ದಿನವರೆಗೂ ಹೋಗಿತ್ತೆಂಬುದು ಸಣ್ಣ ಮಾತಲ್ಲ. ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಸಂಕಲನವನ್ನು ಹೊರತಂದಾಗ ಬೀಸುವ ಕಲ್ಲಿನ ಮುಂದಿನ ತ್ರಿಪದಿಗಳಿಗೆ ಕನ್ನಡ ಸಾಹಿತ್ಯದ ಪಂಕ್ತಿಯಲ್ಲಿ ಎಲೆ ಬಿತ್ತು. ಇತ್ತ ಪುಣೆಯಲ್ಲಿ ಹೇಮಾ ರಾಯರಕರ ಮತ್ತು ಗೀ ಪ್ವಾತ್ವ್ಯಾ ಅವರು ಹಲವು ದಶಕಗಳ ದುಡಿಮೆಯಿಂದ ಮಹಾರಾಷ್ಟ್ರದ ಹಳ್ಳಿಹಳ್ಳಿಗಳಲ್ಲಿ ಸಂಗ್ರಹಿಸಿದ ಬೀಸುಕಲ್ಲಿನ ಹಾಡುಗಳು ಒಂದು ಲಕ್ಷವನ್ನು ಮೀರುತ್ತವೆ. ಬರೆಯಲು ಓದಲು ಬಾರದ ಹೆಂಗಸರು ತವರನ್ನು, ಅತ್ತೆಯ ಮನೆಯನ್ನು, ದೇವರನ್ನು, ಅಂಬೇಡ್ಕರರನ್ನು ಕುರಿತು ಕಲ್ಲಿನ ಸುತ್ತಿಗೆ ಸುತ್ತು ಕೂಡಿಸಿ ಕಟ್ಟಿದ ಮಹಾಕೋಶವದು.

ತ್ರಿಪದಿಯ ಗಣವಿನ್ಯಾಸವನ್ನು ನಾವು ಕರಿಹಲಗೆಯ ಮೇಲೆ ಬರೆದು ತೋರಿಸುತ್ತೇವೆ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದವರೆಗೆ ಅದರ ವಂಶಾವಳಿಯನ್ನು ಒಯ್ಯುತ್ತೇವೆ. ಮೂರು ಸಾಲಿನ ಪದ್ಯ ಹಾಡುವಾಗ ಎರಡನೆಯ ಸಾಲಿನ ಭಾಗ ಮರುಕಳಿಸಿ ನಾಲ್ಕಾಗುವುದೇಕೆ ಎಂಬ ಪ್ರಶ್ನೆ ಬಂದಾಗ ಮಾತ್ರ ಕರಿಹಲಗೆ ತಡವರಿಸುತ್ತದೆ. ತ್ರಿಪದಿಯು ಕಲ್ಲಿನಿಂದಲೇ ಹುಟ್ಟಿತೆಂದು ಸಾಧಿಸುವ ಹಟ ನನಗಿಲ್ಲ. ಶಾಸನದ ಕವಿ ಬೀಸುತ್ತಾ ಕುಳಿತಿರಲಿಲ್ಲ. ಆದರೆ ಗೂಟ ಹಿಡಿದು ಕಲ್ಲನ್ನು ತಿರುಗಿಸಿದವನಿಗೆ, ತೋಳು ಮುಂದಕ್ಕೆ ಚಾಚಿ ಹಿಂದಕ್ಕೆ ಬರುವ ಅಂತರದಲ್ಲಿ ಉಸಿರು ಎಲ್ಲಿ ನಿಲ್ಲುತ್ತದೆ, ಕಾಳು ಹಾಕುವ ಕೈ ಎಲ್ಲಿ ಬಿಡುವು ಕೇಳುತ್ತದೆ ಎಂಬುದು ಗೊತ್ತಾಗುತ್ತದೆ. ಮರುಕಳಿಕೆ ಆಗ ಅಲಂಕಾರವಾಗಿ ತೋರದೆ ಅಗತ್ಯವಾಗಿ ತೋರುತ್ತದೆ. ಹತ್ತು ವರ್ಷದ ಮಗುವಿಗೆ ಗಣಗಳ ಹೆಸರು ಬೇಕಿಲ್ಲ. ಈ ತಿಳಿವಳಿಕೆಯನ್ನು ತೋಳಿನಲ್ಲಿ ಇಟ್ಟುಕೊಂಡು ಬೆಳೆದ ಮಗು ಮುಂದೊಂದು ದಿನ ಛಂದಸ್ಸಿನ ತರಗತಿಗೆ ಬಂದಾಗ, ಪಾಠ ಹೇಳುವವರ ಅರ್ಧ ಕೆಲಸ ಆಗಿಹೋಗಿರುತ್ತದೆ.

ಇದಕ್ಕೆ ಆಕ್ಷೇಪಗಳಿಲ್ಲವೆಂದಲ್ಲ. ಮೊದಲನೆಯದು ಸಂರಕ್ಷಕರದು, ಅದು ಗೌರವಾರ್ಹವಾದ ಆಕ್ಷೇಪ. ಬೆವರಿನ ಉಪ್ಪು, ಬೆರಳಿನ ಜಿಡ್ಡು ಹಿತ್ತಾಳೆ ತಾಮ್ರಗಳನ್ನು ಕಪ್ಪಾಗಿಸುತ್ತವೆ. ಹಳೆಯ ಬಟ್ಟೆ, ಕಾಗದ, ಬಣ್ಣದ ಮರ ಒಂದೊಂದು ಸ್ಪರ್ಶಕ್ಕೂ ಸವೆಯುತ್ತವೆ. ಕಳವಿನ ಭಯವೂ ಸುಳ್ಳಲ್ಲ. 2015ರ ನವೆಂಬರಿನಲ್ಲಿ ಕುಪ್ಪಳಿಯ ಕವಿಮನೆಯಿಂದ ಕುವೆಂಪು ಅವರ ಪದಕಗಳು ಕಳುವಾದಾಗ ಇಡೀ ಕನ್ನಡನಾಡು ನೊಂದಿತು. ಮತ್ತೆ ಪಡೆಯಲಾಗದ ವಸ್ತುವನ್ನು ಸಾವಿರ ಕೈಗಳಿಗೆ ಒಪ್ಪಿಸಿ ಎಂದು ಯಾರೂ ಹೇಳಲಾರರು. ನಾನು ಕೇಳುತ್ತಿರುವುದೂ ಅದನ್ನಲ್ಲ.

ವಸ್ತುಗಳನ್ನು ಮೂರು ಬಗೆಯಾಗಿ ವಿಂಗಡಿಸಿಕೊಂಡರೆ ಈ ಆಕ್ಷೇಪಕ್ಕೆ ಸಮಾಧಾನ ದೊರೆಯುತ್ತದೆ. ವ್ಯಕ್ತಿಯೊಬ್ಬರ ನೆನಪಿಗೆ ಅಂಟಿಕೊಂಡವು, ಅಪೂರ್ವವಾದವು, ಶಿಥಿಲವಾದವು ಗಾಜಿನ ಹಿಂದೆಯೇ ಇರಲಿ. ಒಂದೇ ಬಗೆಯವು ಹತ್ತಾರು ಇದ್ದು, ಗಟ್ಟಿಮುಟ್ಟಾದ ಕಲ್ಲು, ಕಬ್ಬಿಣ, ಕಂಚುಗಳಿಂದ ಆದವುಗಳಲ್ಲಿ ಕೆಲವನ್ನು ಮಾರ್ಗದರ್ಶಕರ ಸಮ್ಮುಖದಲ್ಲಿ ಮಕ್ಕಳು ಎತ್ತಿ ನೋಡಲಿ. ಮೂರನೆಯ ಬಗೆಯವನ್ನು ಹೊಸದಾಗಿಯೇ ಮಾಡಿಸಬೇಕು. ಪುಣೆಯಲ್ಲಿ ಇದಕ್ಕೆ ದೂರ ಹೋಗಬೇಕಾಗಿಲ್ಲ. ಕಸಬಾ ಪೇಠೆಯ ತಾಂಬಟ್ ಆಳಿಯಲ್ಲಿ ತಾಮ್ರವನ್ನು ಬಡಿದು ಪಾತ್ರೆ ಮಾಡುವ ಕುಶಲಕರ್ಮಿಗಳ ಮನೆತನಗಳು ಇನ್ನೂ ಇವೆ. ಹಂಡೆ, ಗಂಗಾಳ, ಚೊಂಬುಗಳನ್ನು ಹಳೆಯ ಅಳತೆಯಲ್ಲಿ ಅವರಿಂದ ಮಾಡಿಸಿ ಮಕ್ಕಳ ಬಳಕೆಗೆ ಇಟ್ಟರೆ ಮೂಲವಸ್ತು ಉಳಿಯುತ್ತದೆ, ಕಸುಬೂ ಒಂದಿಷ್ಟು ಉಳಿಯುತ್ತದೆ. ವಸ್ತುವನ್ನು ಮಾಡುವವರ ಕೈಯನ್ನೂ ಮಕ್ಕಳು ನೋಡಿದಂತಾಗುತ್ತದೆ. ಹೊರದೇಶಗಳಲ್ಲಿ ಈ ದಾರಿ ಹೊಸದೇನಲ್ಲ. ಸ್ವೀಡನ್ನಿನ ಸ್ಕಾನ್ಸೆನ್ ಬಯಲು ಸಂಗ್ರಹಾಲಯ 1891ರಲ್ಲೇ ಹಳೆಯ ಮನೆಗಳನ್ನು ಅವುಗಳ ಕಸುಬು, ಬದುಕುಗಳೊಡನೆ ತೋರಿಸತೊಡಗಿತು. ಮಕ್ಕಳಿಗಾಗಿಯೇ ಒಂದು ಸಂಗ್ರಹಾಲಯ 1899ರಲ್ಲಿ ಅಮೆರಿಕದ ಬ್ರೂಕ್ಲಿನ್ನಿನಲ್ಲಿ ತೆರೆಯಿತು. 1960ರ ದಶಕದಲ್ಲಿ ಬಾಸ್ಟನ್ನಿನ ಮಕ್ಕಳ ಸಂಗ್ರಹಾಲಯವು ಮೈಕೆಲ್ ಸ್ಪಾಕ್ ಅವರ ನೇತೃತ್ವದಲ್ಲಿ ಮುಟ್ಟಿ ಕಲಿಯುವ ಪದ್ಧತಿಯನ್ನು ಗಟ್ಟಿಗೊಳಿಸಿತು. ನಮ್ಮಲ್ಲಿಯೇ 1930ರ ದಶಕದಲ್ಲಿ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಕಲಿಕೆಯನ್ನು ಪುಸ್ತಕದಾಚೆಗೆ ಒಯ್ದು ಪ್ರಯೋಗಗಳನ್ನು ನಡೆಸಿದ್ದರು. ಆದ್ದರಿಂದ ಇದನ್ನು ಪರದೇಶದ ಎರವಲೆಂದು ತಳ್ಳಿಹಾಕುವಂತಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಸೂಕ್ಷ್ಮವಾದದ್ದು. ನನ್ನ ಮಟ್ಟಿಗೆ ಹೆಚ್ಚು ಮುಖ್ಯವಾದದ್ದು. ಬೀಸುವ ಕಲ್ಲನ್ನು ಐದು ನಿಮಿಷ ತಿರುಗಿಸಿ ನಗುತ್ತಾ ಚಿತ್ರ ತೆಗೆಸಿಕೊಂಡು ಹೊರಡುವ ಮಗು ಏನನ್ನು ಕಲಿತಂತಾಯಿತು? ಕೋಳಿ ಕೂಗುವ ಮೊದಲೇ ಎದ್ದು, ಮನೆಮಂದಿಗೆಲ್ಲ ಬೇಕಾದ ಹಿಟ್ಟನ್ನು ಬೀಸಿ, ಆಮೇಲೆ ನೀರಿಗೆ ಹೋಗುತ್ತಿದ್ದ ಹೆಣ್ಣಿನ ದುಡಿಮೆ ಆ ಐದು ನಿಮಿಷದಲ್ಲಿ ಆಟಿಕೆಯಾಗಿಬಿಡುತ್ತದೆ. ಹಳೆಯದೆಲ್ಲವೂ ಚೆನ್ನ, ಅಜ್ಜಿಯ ಕಾಲವೇ ಸೊಗಸು ಎಂಬ ಸವಿ ಸುಳ್ಳು ಮಗುವಿನ ಮನಸ್ಸಿನಲ್ಲಿ ಬೇರೂರುತ್ತದೆ. ಮುಟ್ಟಗೊಡದ ಸಂಗ್ರಹಾಲಯಕ್ಕಿಂತ ಸುಳ್ಳು ಹೇಳಿ ಮುಟ್ಟಿಸುವ ಸಂಗ್ರಹಾಲಯ ಹೆಚ್ಚು ಅಪಾಯಕಾರಿ. ಇದಕ್ಕೆ ಪರಿಹಾರ ಕೆಲಸವನ್ನು ನಿಜವಾಗಿ ಮಾಡಿಸುವುದೇ. ಅರ್ಧ ಪಾವು ಜೋಳವನ್ನು ಮಕ್ಕಳ ಮುಂದಿಟ್ಟು, ಅದು ಪೂರ್ತಿ ಹಿಟ್ಟಾಗುವವರೆಗೆ ಸರದಿಯಂತೆ ಬೀಸಿಸಬೇಕು. ತೋಳು ಸೋಲಲಿ, ಬಂದ ಹಿಟ್ಟನ್ನು ಜರಡಿ ಹಿಡಿಯಲಿ, ಅದರಿಂದ ಎಷ್ಟು ರೊಟ್ಟಿಯಾದೀತೆಂದು ಎಣಿಸಲಿ. ಎಂಟು ಜನರ ಮನೆಗೆ ದಿನವೂ ಎಷ್ಟು ಹೊತ್ತು ಬೀಸಬೇಕಾಗಿತ್ತೆಂಬ ಲೆಕ್ಕವನ್ನು ಅವರೇ ಮಾಡಲಿ. ಹಾಡು ಯಾಕೆ ಬೇಕಾಗಿತ್ತೆಂಬುದು ಆಗ ತಾನಾಗಿ ತಿಳಿಯುತ್ತದೆ. ಗಂಡುಮಕ್ಕಳು ಈ ಸರದಿಯಿಂದ ಹೊರಗುಳಿಯಬಾರದು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ದುಡಿಮೆಯ ಚರಿತ್ರೆಯಷ್ಟೇ ನಿಷೇಧದ ಚರಿತ್ರೆಯೂ ಮನೆಯಲ್ಲಿದೆ. ಕನ್ನಡದ ಮಡಿ ಮೈಲಿಗೆ, ಮರಾಠಿಯ ಸೋವಳೆ ಓವಳೆ ಎರಡೂ ಒಂದೇ ಗೋಡೆಯ ಎರಡು ಮಗ್ಗುಲು. ಪಡಸಾಲೆಯವರೆಗೆ ಬರಬಹುದಾದವರು, ಅಂಗಳದಲ್ಲೇ ನಿಲ್ಲಬೇಕಾದವರು, ಬೀದಿಯಿಂದಲೇ ಕೂಗಬೇಕಾದವರು ಎಂದು ವಾಡೆಯ ಹೊಸ್ತಿಲುಗಳು ಮನುಷ್ಯರನ್ನು ಅಳೆಯುತ್ತಿದ್ದವು. ಇದನ್ನು ಮರೆಮಾಚಿ ಕೇವಲ ಕೆತ್ತನೆಯ ಕಂಬಗಳನ್ನು ತೋರಿಸುವುದು ಮಕ್ಕಳಿಗೆ ಮಾಡುವ ಮೋಸ. ಪುಣೆಯ ಗಂಜ್ ಪೇಠೆಯಲ್ಲಿರುವ ಮಹಾತ್ಮಾ ಫುಲೆ ವಾಡೆಗೆ ಈ ನಗರದ ಬೇರಾವ ಮನೆಗೂ ಇಲ್ಲದ ಮಹತ್ವ ಬರುವುದು ಇಲ್ಲಿ. 1868ರಲ್ಲಿ ಜೋತಿಬಾ ಫುಲೆಯವರು ಅಸ್ಪೃಶ್ಯರೆನಿಸಿಕೊಂಡಿದ್ದ ಜನರಿಗೆ ತಮ್ಮ ಮನೆಯ ನೀರನ್ನು ತೆರೆದರು. ಮುಟ್ಟಬಾರದೆಂದು ಊರು ಹೇಳಿದ ಕೈಗಳು ಆ ನೀರನ್ನು ಮುಟ್ಟಿದವು. ಸ್ಮಾರಕಗಳಲ್ಲಿ ನಾವು ವಾಡಿಕೆಯಂತೆ ತೂಗುಹಾಕುವ 'ಮುಟ್ಟಬಾರದು' ಎಂಬ ಹಲಗೆ ಇಂಥ ಮನೆಯ ಸನ್ನಿಧಿಯಲ್ಲಿ ಎಷ್ಟು ಅಸಂಗತವಾಗಿ ಕೇಳಿಸುತ್ತದೆ ಎಂಬುದನ್ನು ಯೋಚಿಸಬೇಕು. ಹಲಗೆ ಬರೆಸುವವರ ಉದ್ದೇಶ ಸಂರಕ್ಷಣೆಯೇ ಇರಬಹುದು. ಆದರೆ ನಮ್ಮ ಸಮಾಜದಲ್ಲಿ ಆ ಎರಡು ಮಾತುಗಳಿಗೆ ತಮ್ಮದೇ ಆದ ಚರಿತ್ರೆಯಿದೆ.

ಆ ಮನೆಗೆ ಬರುವ ಮಕ್ಕಳಿಗೆ ನಾನು ಸೂಚಿಸುವ ಕೆಲಸ ಒಂದೇ. ಸುರಕ್ಷಿತವಾಗಿ ಏರ್ಪಡಿಸಿದ ಒಂದು ಕಡೆಯಲ್ಲಿ ಹಗ್ಗ ಕೊಡಗಳಿಂದ ನೀರನ್ನು ಸೇದಿ, ತಾನು ಸೇದಿದ್ದನ್ನು ಪಕ್ಕದ ಮಗುವಿನ ಬೊಗಸೆಗೆ ಹೊಯ್ಯಬೇಕು. ಹಾಗೆಯೇ ಪಕ್ಕದವರಿಂದ ತಾನೂ ಪಡೆಯಬೇಕು. ಹೆಸರು, ಕುಲ, ಊರು ಕೇಳದೆ ನಡೆಯುವ ಈ ಸಣ್ಣ ಕ್ರಿಯೆಯ ಬಳಿಕ, ಇಷ್ಟಕ್ಕಾಗಿ ಒಂದು ಕಾಲದಲ್ಲಿ ಏನೇನು ಎದುರಿಸಬೇಕಾಯಿತೆಂದು ಹೇಳಿದರೆ ಸಾಕು. ಭಾಷಣದಿಂದ ಆಗದ್ದು ಬೊಗಸೆಯಿಂದ ಆಗುತ್ತದೆ. ಹಗ್ಗ ಉಜ್ಜಿದ ಅಂಗೈಯನ್ನೂ ತಣ್ಣೀರು ತುಂಬಿದ ಬೊಗಸೆಯನ್ನೂ ಮಗು ಮರೆಯಲಾರದು.

ಕೈಯಿಂದ ಕಲಿಯುವ ಮಾತು ಬಂದಾಗ ಪುಣೆಯ ಇನ್ನೊಂದು ಮನೆಯನ್ನು ನೆನೆಯದಿರಲಾಗದು. 1892ರಲ್ಲಿ ಕಟ್ಟಿಸಿದ ಆಗಾಖಾನ್ ಅರಮನೆಯಲ್ಲಿ ಗಾಂಧೀಜಿಯವರನ್ನು 1942ರ ಆಗಸ್ಟಿನಿಂದ 1944ರ ಮೇ ತಿಂಗಳವರೆಗೆ ಬಂಧನದಲ್ಲಿಡಲಾಗಿತ್ತು. ಮಹಾದೇವ ದೇಸಾಯಿಯವರು 1942ರ ಆಗಸ್ಟ್ 15ರಂದು, ಕಸ್ತೂರಬಾ ಅವರು 1944ರ ಫೆಬ್ರವರಿ 22ರಂದು ತೀರಿಕೊಂಡದ್ದು ಅಲ್ಲಿಯೇ. 1937ರಲ್ಲಿ ವಾರ್ಧಾದಿಂದ ಹೊರಟ ಮೂಲಶಿಕ್ಷಣದ ವಿಚಾರದಲ್ಲಿ ಕೈಕಸುಬಿಗೆ ಕೇಂದ್ರಸ್ಥಾನವನ್ನು ಕೊಟ್ಟವರ ಸ್ಮಾರಕವದು. ಪೆಟ್ಟಿಗೆಯಲ್ಲಿ ಮಡಚಿಡುವ ಚರಕಕ್ಕೆ 'ಯರವಡಾ ಚರಕ' ಎಂಬ ಹೆಸರು ಬಂದದ್ದೂ ಅದರ ನೆರೆಯ ಸೆರೆಮನೆಯಿಂದ. ಅಂಥ ಮನೆಯಲ್ಲಿ ಮಗುವೊಂದು ಹಂಜಿಯಿಂದ ಒಂದು ಮೊಳ ನೂಲನ್ನಾದರೂ ತೆಗೆಯದೆ, ಅದು ಹತ್ತು ಸಲ ಹರಿದು ಹನ್ನೊಂದನೆಯ ಸಲ ನಿಲ್ಲುವುದನ್ನು ಕಾಣದೆ ಹೊರಬಂದರೆ, ಅದು ಗಾಂಧಿಯ ಚಿತ್ರವನ್ನು ನೋಡಿದಂತಾಯಿತೇ ಹೊರತು ಗಾಂಧಿಯ ಮಾತನ್ನು ಕೇಳಿದಂತಾಗಲಿಲ್ಲ.

ಈ ಕಾರ್ಯದಲ್ಲಿ ವಿಶ್ವವಿದ್ಯಾನಿಲಯದ ಕನ್ನಡ ವಿಭಾಗಗಳ ಪಾಲೇನು? ಮೈಸೂರು ವಿಶ್ವವಿದ್ಯಾನಿಲಯವು ಜಯಲಕ್ಷ್ಮೀವಿಲಾಸ ಅರಮನೆಯಲ್ಲಿ ಜಾನಪದ ವಸ್ತುಸಂಗ್ರಹಾಲಯವನ್ನು ನೆಲೆಗೊಳಿಸಿದಾಗ, ಹಾಡು ಕಥೆಗಳ ಜೊತೆಗೆ ನೇಗಿಲು ಬುಟ್ಟಿಗಳೂ ಪಠ್ಯವೇ ಎಂಬ ತಿಳಿವು ನಮ್ಮ ಹಿರಿಯರಿಗಿತ್ತು. ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿದ್ದು, ವಿಜಯನಾಥ ಶೆಣೈಯವರು ಮಣಿಪಾಲದಲ್ಲಿ ಕಳಚಿಬೀಳುತ್ತಿದ್ದ ಹಳೆಯ ಮನೆಗಳನ್ನು ತಂದು ಮರಳಿ ನಿಲ್ಲಿಸಿದ್ದು ಅದೇ ತಿಳಿವಿನ ಮುಂದುವರಿಕೆ. ಸಂಗ್ರಹದ ಕೆಲಸವನ್ನು ಆ ತಲೆಮಾರು ಮಾಡಿದೆ. ಮಕ್ಕಳ ಕೈಗೆ ಅದನ್ನು ದಾಟಿಸುವ ಕೆಲಸ ನಮ್ಮದು. ಇದಕ್ಕೆ ಕೋಟಿ ರೂಪಾಯಿಗಳ ಯೋಜನೆ ಬೇಕಿಲ್ಲ. ಪ್ರತಿಯೊಂದು ವಿಭಾಗವೂ ಹತ್ತಿರದ ಒಂದು ಚಾರಿತ್ರಿಕ ಮನೆಯನ್ನು ಆರಿಸಿಕೊಂಡು, ಅಲ್ಲಿಯ ವಸ್ತುಗಳಿಗೆ ಪ್ರಾದೇಶಿಕ ಹೆಸರುಗಳ ಪಟ್ಟಿಯನ್ನು ಸಿದ್ಧಪಡಿಸಬಹುದು. ಒಂದೇ ವಸ್ತುವಿಗೆ ಧಾರವಾಡದಲ್ಲಿ, ಮಲೆನಾಡಿನಲ್ಲಿ, ಕರಾವಳಿಯಲ್ಲಿ, ಸೊಲ್ಲಾಪುರದ ಗಡಿಯಲ್ಲಿ ಏನೆನ್ನುತ್ತಾರೆಂಬುದು ಸ್ನಾತಕೋತ್ತರ ವಿದ್ಯಾರ್ಥಿಗೆ ಒಳ್ಳೆಯ ಕ್ಷೇತ್ರಕಾರ್ಯ. ಅದೇ ವಿದ್ಯಾರ್ಥಿಗಳು ವಾರಕ್ಕೊಮ್ಮೆ 15 ಮಕ್ಕಳ ಒಂದು ಗುಂಪಿಗೆ ಮಾರ್ಗದರ್ಶಕರಾಗಬಹುದು. ನೂರೈವತ್ತು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಅರ್ಧ ಗಂಟೆಯಲ್ಲಿ ಹೊರಗೆ ಬಿಡುವ ಈಗಿನ ಪದ್ಧತಿಯಿಂದ ಕಣ್ಣೂ ತುಂಬುವುದಿಲ್ಲ, ಕೈಯೂ ತುಂಬುವುದಿಲ್ಲ. ಊರಿನ ಹಿರಿಯ ಹೆಂಗಸರನ್ನು ಗೌರವಧನ ಕೊಟ್ಟು ಕರೆಸಬೇಕು. ಬೀಸುವ ಕಲ್ಲಿನ ಮುಂದೆ ಅವರೇ ಪ್ರಾಧ್ಯಾಪಕರು.

ಪುಣೆಯ ಕನ್ನಡಿಗರಿಗೂ ಒಂದು ವಿನಂತಿಯಿದೆ. ರಾಜ್ಯೋತ್ಸವಕ್ಕೆ ಮಕ್ಕಳಿಂದ ಹಾಡಿಸಿ, ಕುಣಿಸಿ ಸಂತೋಷಪಡುವುದು ಸರಿಯೇ. ಅದರ ಜೊತೆಗೆ ವರ್ಷದಲ್ಲೊಂದು ದಿನ ಅಜ್ಜ ಅಜ್ಜಿಯರನ್ನೂ ಮೊಮ್ಮಕ್ಕಳನ್ನೂ ಕೂಡಿಸಿಕೊಂಡು ಕೇಳಕರ ಸಂಗ್ರಹಾಲಯಕ್ಕೆ ಹೋಗಿ, ಒಂದೊಂದು ವಸ್ತುವಿನ ಮುಂದೆಯೂ ನಿಂತು ಅದರ ಕನ್ನಡ ಹೆಸರನ್ನೂ ಮರಾಠಿ ಹೆಸರನ್ನೂ ಮಕ್ಕಳಿಂದಲೇ ಬರೆಸುವುದು ಆಗದ ಕೆಲಸವಲ್ಲ. ಆಮೇಲೆ ಮನೆಯ ಅಟ್ಟದಲ್ಲಿ, ಊರಿನಿಂದ ಬಂದ ಪೆಟ್ಟಿಗೆಯಲ್ಲಿ ಅಂಥದ್ದೇ ಒಂದು ವಸ್ತು ಸಿಕ್ಕೀತು. ಗಾಜಿನ ಹಿಂದೆ ಕಂಡದ್ದು ಕೈಗೆ ಬಂದಾಗ ಆ ಮಗುವಿನ ಪಾಲಿಗೆ ಚರಿತ್ರೆ ತನ್ನ ಮನೆಯದಾಗುತ್ತದೆ.

ಮನೆಯನ್ನು ಕಾಪಾಡುವುದೆಂದರೆ ಅದರ ಗೋಡೆಯನ್ನು ಕಾಪಾಡುವುದಷ್ಟೇ ಆಗಿದ್ದರೆ ಅದನ್ನು ಎಂಜಿನಿಯರರಿಗೆ ಬಿಟ್ಟು ನಾವು ನಿಶ್ಚಿಂತೆಯಿಂದ ಇರಬಹುದಿತ್ತು. ಅಲ್ಲಿ ಆಡಿದ ಮಾತು, ದುಡಿದ ತೋಳು, ತಡೆದ ಹೊಸ್ತಿಲು, ತೆರೆದ ನೀರು ಇವೆಲ್ಲ ಗೋಡೆಯ ಆಚೆಗೂ ಉಳಿಯಬೇಕಾದವು. ಅವು ಉಳಿಯುವುದು ಮಕ್ಕಳಲ್ಲಿ. ಕಣ್ಣು ಕಂಡದ್ದು ಬೇಗ ಮಾಸುತ್ತದೆ. ಕೈ ಕಲಿತದ್ದು ಬಹುಕಾಲ ನಿಲ್ಲುತ್ತದೆ. ಆದ್ದರಿಂದ ನಮ್ಮ ಚಾರಿತ್ರಿಕ ಮನೆಗಳ ಬಾಗಿಲಲ್ಲಿ ಮಕ್ಕಳಿಗೆ ಕಾಣಬೇಕಾದ ಮೊದಲ ಮಾತು 'ಮುಟ್ಟಬಾರದು' ಎಂದಿರದೆ, ಯಾವುದನ್ನು ಮುಟ್ಟಬಹುದು ಮತ್ತು ಹೇಗೆ ಮುಟ್ಟಬೇಕು ಎಂದಿರಲಿ. ಅದನ್ನು ಒಳ್ಳೆಯ ಕನ್ನಡದಲ್ಲಿ, ಪುಣೆಯಲ್ಲಾದರೆ ಒಳ್ಳೆಯ ಮರಾಠಿಯ ಪಕ್ಕದಲ್ಲಿ, ಬರೆದುಕೊಡುವ ಹೊಣೆಯನ್ನು ಭಾಷಾ ವಿಭಾಗಗಳೇ ಹೊತ್ತುಕೊಳ್ಳಲಿ.